ಎಡಗಾಲಿನ ಅಚ್ಚು

ಚೆಂಡು ಹಿಂದಿನಿಂದ ಬರುತ್ತಿತ್ತು. ಗೋಲಿನತ್ತ ಓಡುತ್ತಿದ್ದ ಕಸ್ತೂರಿ ತಿರುಗಿ ನೋಡಲಿಲ್ಲ. ಮೈದಾನದ ಆ ತುದಿಯಲ್ಲಿ ಬೂಟು ಚೆಂಡಿಗೆ ಬಡಿದ ಸದ್ದು ಕಿವಿ ಮುಟ್ಟುವ ಮೊದಲೇ ಅವಳ ಸೊಂಟ ಬಲಕ್ಕೆ ವಾಲಿತ್ತು, ಹೆಗಲು ಪಕ್ಕದಲ್ಲಿ ಓಡುತ್ತಿದ್ದ ಡಿಫೆಂಡರ್ ಹುಡುಗಿಯನ್ನು ಮೆಲ್ಲಗೆ ಆಚೆ ಸರಿಸಿತ್ತು. ಚೆಂಡು ತಲೆಯ ಮೇಲಿಂದ ಇಳಿದು, ಒಲೆಯಿಂದ ಇಳಿಸಿಟ್ಟ ಬೋಗುಣಿಯ ಹಾಗೆ ಅವಳ ಬಲಪಾದದ ಮುಂದೆ ಸುಮ್ಮನೆ ಕೂತಿತು.

“ಮತ್ತೊಮ್ಮೆ,” ಎಂದ ಕೋಚ್ ಪರೇರಾ.

ಮತ್ತೊಮ್ಮೆ ಬಂತು. ಮತ್ತೊಮ್ಮೆ ಕೂತಿತು. ಮೈಗೆ ಅಂಟಿಕೊಂಡ, ತಂತಿ ಹೆಣೆದ ಬಲೆಯಂಗಿಯೊಳಗೆ ಬೆವರು ಇಳಿಯಲು ದಾರಿ ಸಿಗದೆ ಬೆನ್ನೆಲ್ಲ ತುರಿಸುತ್ತಿತ್ತು. ಎಡಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಹಳೆಯ ಬಾಡಿಗೆದಾರನಂತೆ ತನ್ನ ಜಾಗದಲ್ಲಿ ಕೂತಿತ್ತು. ಅದನ್ನು ಎಬ್ಬಿಸಿ ಹೊರಗೆ ಹಾಕುವ ಆಸೆಯನ್ನು ಕಸ್ತೂರಿ ಎಂದೋ ಬಿಟ್ಟಿದ್ದಳು.

“ಸಾಕು. ಈಗ ಶಾಹೀನ.”

ಕಸ್ತೂರಿ ಗೆರೆಯಾಚೆ ಹುಲ್ಲಿನ ಮೇಲೆ ಕೂತು ಬೂಟಿನ ದಾರ ಸಡಿಲಿಸಿದಳು. ಅವಳಂಥದೇ ಬಲೆಯಂಗಿ ತೊಟ್ಟ ಇಪ್ಪತ್ತರ ಹುಡುಗಿ, ಶಾಹೀನ ನದಾಫ, ಅವಳು ಬಿಟ್ಟ ಜಾಗಕ್ಕೆ ಹೋಗಿ ನಿಂತಳು. ಹಿಂದಿನಿಂದ ಚೆಂಡು ಎದ್ದಿತು. ಹೋದ ತಿಂಗಳು ಇದೇ ಚೆಂಡಿಗಾಗಿ ಈ ಹುಡುಗಿ ಮೂರು ಸಲ ಕತ್ತು ತಿರುಗಿಸಿ, ಕೊನೆಗೆ ತನ್ನದೇ ಕಾಲು ತೊಡರಿ ಬಿದ್ದಿದ್ದಳು. ಈಗ ತಿರುಗಲಿಲ್ಲ. ಸೊಂಟ ಬಲಕ್ಕೆ ವಾಲಿತು, ಹೆಗಲು ಡಿಫೆಂಡರನ್ನು ಸರಿಸಿತು, ಚೆಂಡು ಬಂದು ಪಾದದ ಮುಂದೆ ಕೂತಿತು. ಬೇಲಿಯಾಚೆ ಚಹಾದ ಬಿಡುವಿನಲ್ಲಿ ನಿಂತಿದ್ದ ಫೌಂಡ್ರಿಯ ಮಂದಿ ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬ, ಕಸ್ತೂರಿಗೆ ಕೇಳಲಿ ಎಂದೇ, “ಎರಕ ಭೇಷ್ ಬಂದೈತಿ ನೋಡ್ರಪಾ” ಎಂದ.

ತನ್ನ ಬೆನ್ನನ್ನು ತಾನು ಎಂದೂ ನೋಡಿರದ ಕಸ್ತೂರಿ ಅವತ್ತು ನೋಡಿದಳು. ಅದು ಇಪ್ಪತ್ತು ವರ್ಷದ ಹುಡುಗಿಯ ಮೈಮೇಲೆ ಓಡುತ್ತಿತ್ತು.

ಬೆಳಗಾವಿಯ ಫೌಂಡ್ರಿಯವರ ಭಟ್ಟಿ ಫುಟ್ಬಾಲ್ ಕ್ಲಬ್ಬಿನಲ್ಲಿ ಅವಳು ಮಾಡುತ್ತ ಬಂದದ್ದು ಒಂದೇ ಕೆಲಸ: ಹಿಂದಿನಿಂದ ಬರುವ ಉದ್ದನೆಯ ಪಾಸನ್ನು ಓಡುತ್ತಲೇ ಇಸಿದುಕೊಳ್ಳುವುದು. ಊರವರು ಅವಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ‘ಇಸಕೊಳ್ಳಾಕಿ’ ಎನ್ನುತ್ತಿದ್ದರು. ಈಗ ಅವಳಿಗೆ ವಯಸ್ಸಾಗಿತ್ತು. ಚೆಂಡು ಎಲ್ಲಿ ಬೀಳುತ್ತದೆಂದು ಈಗಲೂ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು, ಆದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಎದುರಾಳಿಗಳೂ ಮುಟ್ಟಿರುತ್ತಿದ್ದರು. ರಾಮದುರ್ಗದ ಶಾಹೀನಳದು ಇದರ ತಿರುವುಮುರುವು. ಗಾಳಿಯಂತೆ ಓಡುತ್ತಿದ್ದಳು, ಆದರೆ ಎಲ್ಲಿಗೆ ಓಡಬೇಕೆಂಬುದೇ ಗೊತ್ತಿರಲಿಲ್ಲ. ಸಾಲದ್ದಕ್ಕೆ ಬಲತೊಡೆಯ ಹಿಂಭಾಗದ ಸ್ನಾಯು ಸೀಸನ್ನಿಗೊಮ್ಮೆ ಹರಿಯುತ್ತಿತ್ತು. ಮೂರು ಕ್ಲಬ್ಬುಗಳು ಅವಳನ್ನು ತೆಗೆದುಕೊಂಡು, ಬ್ಯಾಂಡೇಜು ಕಟ್ಟಿ ಮನೆಗೆ ಕಳಿಸಿದ್ದವು. ಗ್ಯಾಲರಿಯ ಮಂದಿ, ಮುಟ್ಟಿದರೆ ಒಡೆಯುವ ಬಳೆಯೆಂದು, ‘ಗಾಜಿನ ಬಳಿ’ ಎಂದು ಹೆಸರಿಟ್ಟಿದ್ದರು.

ಮೊದಲಾಗಿದ್ದರೆ ಒಬ್ಬಳು ಹೋಗಿ ಇನ್ನೊಬ್ಬಳು ಬರುತ್ತಿದ್ದಳು, ಅಷ್ಟೇ. ಈಗ ಅಚ್ಚು ಬಂದಿತ್ತು. ಲ್ಯಾಬಿನವರು ಅದಕ್ಕೆ ಬೇರೇನೋ ಉದ್ದದ ಹೆಸರು ಹೇಳುತ್ತಿದ್ದರು, ಎರಕದ ಊರಿನ ಬಾಯಲ್ಲಿ ಅದು ಅಚ್ಚು. ಹಳಬಳು ತೊಟ್ಟ ಬಲೆಯಂಗಿ ಅವಳ ಸ್ನಾಯುಗಳ ಮಿಡುಕನ್ನೆಲ್ಲ ಹಿಡಿದಿಡುತ್ತದೆ. ಯೋಚನೆ ತಲೆಗೆ ಬರುವ ಮೊದಲೇ ಕತ್ತು, ಸೊಂಟ, ಮೀನಖಂಡದಲ್ಲಿ ಏಳುವ ಸಣ್ಣ ಸಿದ್ಧತೆ ಇದೆಯಲ್ಲ, ಅದನ್ನು. ಹೊಸಬಳು ತೊಟ್ಟ ಅಂಗಿ, ಅಂಥದೇ ಚೆಂಡು ಬಂದಾಗ, ಅವೇ ಜಾಗಗಳಲ್ಲಿ ಇರುವೆ ಹರಿದಂತೆ ಚುರುಗುಟ್ಟಿಸುತ್ತದೆ. ಕೆಲವು ವಾರ ಕಳೆದರೆ ಅಂಗಿ ಬಿಚ್ಚಿಟ್ಟರೂ ಮೈ ತಾನಾಗಿ ಹಾಗೇ ಹೊರಳುತ್ತದೆ. ಕಲಿಸಿಕೊಟ್ಟ ಪಾಠ ಮರೆಯಬಹುದು, ಮೈಗೆ ಹತ್ತಿದ ಚಾಳಿ ಮರೆಯಲಾಗದು. ಪಂದ್ಯದಲ್ಲಿ ಅಂಗಿ ತೊಡುವಂತಿಲ್ಲ, ಅಭ್ಯಾಸದಲ್ಲಿ ತೊಡಬಹುದು ಎಂದು ಲೀಗು ಒಪ್ಪಿತ್ತು. ಒಂದೇ ಕಟ್ಟಳೆ: ತೊಡುವವಳು ಆಗಾಗ ಹೊಸದಾಗಿ ಒಪ್ಪಿಗೆ ಕೊಡುತ್ತಿರಬೇಕು. ಅವಳು ಬೇಡ ಎಂದ ದಿನ ಅಚ್ಚು ನಿಲ್ಲಬೇಕು.

ಮೈದಾನದ ಓಟವಷ್ಟೇ ಸಾಲದು, ನಡೆಯುವುದು, ಕೂರುವುದು, ಏಳುವುದು ಎಲ್ಲ ಸೇರಿದರೇ ಅಚ್ಚು ಗಟ್ಟಿ ಎಂದು ಲ್ಯಾಬಿನವರು ಹೇಳಿದ್ದರಿಂದ ಶಾಹೀನ ಕಸ್ತೂರಿಯ ಮನೆಯಲ್ಲೇ ಇದ್ದಳು. ಫೌಂಡ್ರಿಯ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ. ಗಂಡ ಸಿದ್ರಾಯ ಭಟ್ಟಿಯ ಪಾಳಿ ಮುಗಿಸಿ ಬಂದವನೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಾತೆಲ್ಲ ಅತ್ತೆ ನೀಲವ್ವನದು. ತಂಡದಲ್ಲಿ ಸೊಸೆಯ ಜಾಗಕ್ಕೆ ಬಂದವಳಿಗೆ ತಾನೇ ರೊಟ್ಟಿ ಬಡಿದು ಹಾಕಬೇಕಲ್ಲ ಎಂದು ಮೊದಲ ವಾರ ಅವಳು ಪಾತ್ರೆ ಕುಕ್ಕಿದ್ದುಂಟು. ಹುಡುಗಿ ಮರುಮಾತಿಲ್ಲದೆ ನಾಲ್ಕು ರೊಟ್ಟಿ ಉಂಡು ಐದನೆಯದನ್ನು ಕೇಳಿದ ಮೇಲೆ ಸಿಟ್ಟು ಇಳಿಯಿತು. ಉಣ್ಣುವವರ ಮೇಲೆ ನೀಲವ್ವನಿಗೆ ಹಗೆ ಸಾಧಿಸಲು ಬರುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಅಭ್ಯಾಸ ಮುಗಿಸಿ ಇಬ್ಬರೂ ಊಟಕ್ಕೆ ಕೂತಿದ್ದರು. ನೀಲವ್ವ ಕಡಲೆಹಿಟ್ಟಿನ ಝುಣಕದ ಬಟ್ಟಲು ಹಿಡಿದು ನಿಂತವಳು ಬಡಿಸುವುದನ್ನು ಬಿಟ್ಟು ನಕ್ಕಳು.

“ನೋಡವಾ, ಒಂದ ಹೊಟ್ಟ್ಯಾಗ ಹುಟ್ಟಿದವರ್ಹಂಗ ಕುಂತೀರಿ.”

ಕಸ್ತೂರಿ ನೋಡಿದಳು. ಅವಳು ಎಂದಿನಂತೆ ಎಡಗಾಲು ಮುಂದೆ ಚಾಚಿ, ಮೈಯ ಭಾರವನ್ನೆಲ್ಲ ಬಲಚಪ್ಪೆಗೆ ಕೊಟ್ಟು ಕೂತಿದ್ದಳು. ಹನ್ನೊಂದು ವರ್ಷದ ಹಿಂದೆ ಕೊಲ್ಹಾಪುರದ ಪಂದ್ಯದಲ್ಲಿ ಮೊಣಕಾಲು ತಿರುಚಿದಾಗಿನಿಂದ ಅವಳಿಗೆ ಚಕ್ಕಳಮಕ್ಕಳ ಹಾಕಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಶಾಹೀನಳೂ ಎಡಗಾಲು ಚಾಚಿ, ಬಲಚಪ್ಪೆಗೆ ವಾಲಿ ರೊಟ್ಟಿ ಮುರಿಯುತ್ತಿದ್ದಳು. ಆ ಹುಡುಗಿಯ ಎಡಗಾಲಿಗೆ ಹುಟ್ಟಿದಾಗಿನಿಂದ ಒಂದು ಗೀರೂ ಬಿದ್ದಿರಲಿಲ್ಲ.

ಯಾಕೆ ಹಾಗೆ ಕೂತೆ ಎಂದು ಕೇಳಿದರೆ ಶಾಹೀನ ತನ್ನ ಕಾಲನ್ನು ತಾನೇ ಅಚ್ಚರಿಯಿಂದ ನೋಡಿ, ಹೀಗೆ ಕೂತರೆ ಹಗುರ ಅನಿಸುತ್ತದೆ ಎಂದಳು. ಊಟ ಮುಗಿಸಿ ಏಳುವಾಗ ಬಲತೊಡೆಯ ಮೇಲೆ ಕೈಯೂರಿ, ಬಲಗಾಲೊಂದರ ಮೇಲೇ ಎದ್ದಳು. ಮೆಟ್ಟಿಲಿಳಿಯುವಾಗ ಮೈಯನ್ನು ಅಡ್ಡ ತಿರುಗಿಸಿಕೊಂಡು ಇಳಿದಳು. ಹುರಿಗಟ್ಟಿದ ಕಾಲಿನ ಕುದುರೆಯಂಥ ಹುಡುಗಿ ಮುದುಕಿಯಂತೆ ನಲ್ಲಿಗೆ ಹೋಗುವುದನ್ನು ನೋಡುತ್ತ ಕಸ್ತೂರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಭಾರವೆಲ್ಲ ಬಲಕ್ಕೆ. ಹರಿಯುವ ಚಾಳಿಯಿದ್ದ ಅದೇ ತೊಡೆಗೆ.

ಲ್ಯಾಬು ಇದ್ದದ್ದು ಫೌಂಡ್ರಿಯ ಹಳೆಯ ಮಾದರಿ ಕೋಣೆಯಲ್ಲಿ. ಹಿಂದೆ ಅಲ್ಲಿ ಬಡಿಗರು ಸಾಗವಾನಿಯಲ್ಲಿ ಗೇರು, ಪಂಪು, ಕವಾಟಗಳ ಮಾದರಿ ಕೆತ್ತುತ್ತಿದ್ದರು. ಯಂತ್ರಗಳು ಬಂದು ಕೂತ ಮೇಲೂ ಮರದ ವಾಸನೆ ಹೋಗಿರಲಿಲ್ಲ. ಮೈಸೂರಿನಿಂದ ಬಂದಿದ್ದ ಇರಾವತಿ ಮೇಡಂ ಅಲ್ಲಿಯ ಮುಖ್ಯಸ್ಥೆ. ನಿದ್ದೆಗೆಟ್ಟ ಕಣ್ಣಿನ ಹೆಂಗಸು, ಸುಳ್ಳು ಹೇಳುವಷ್ಟು ಚೈತನ್ಯವೂ ಇಲ್ಲದವಳಂತೆ ಮಾತಾಡುತ್ತಿದ್ದಳು. ಕಸ್ತೂರಿ ಹೇಳಿದ್ದನ್ನು ಕೇಳಿ ಅವಳು ಪರದೆಯ ಮೇಲೆ ಎರಡು ಎಲುಬಿನ ಗೊಂಬೆಗಳನ್ನು ಪಕ್ಕಪಕ್ಕದಲ್ಲಿ ಓಡಿಸಿದಳು. ಒಂದು ಕಸ್ತೂರಿ, ಒಂದು ಶಾಹೀನ. ಬಣ್ಣ ಬೇರೆ ಇರದಿದ್ದರೆ ಯಾವುದು ಯಾರೆಂದು ಹೇಳಲಾಗುತ್ತಿರಲಿಲ್ಲ.

ನಿಮ್ಮ ಕುಂಟು ನಮಗೂ ಗೊತ್ತಿತ್ತು, ಅದನ್ನು ಸೋಸಿ ತೆಗೆದೇ ಅವಳಿಗೆ ಕೊಟ್ಟೆವು ಎಂದಳು ಇರಾವತಿ. ಪಾದ ಎಳೆಯುವುದು, ಮುಖ ಕಿವುಚುವುದು, ಅವೆಲ್ಲ ಹೋಗಿವೆ. ಭಾರವನ್ನು ಬಲಕ್ಕೆ ಹಾಕುವ ಇದೊಂದು ಉಳಿದಿದೆ. ಇದನ್ನೂ ತೆಗೆಯಲು ನೋಡಿದ್ದೆವು. ತೆಗೆದಾಗ ಅವಳಿಗೆ ಚೆಂಡಿನ ದಾರಿಯೇ ಮತ್ತೆ ಗೊತ್ತಾಗದೆ ಹೋಯಿತು.

“ಒಂದು ಕೇಳ್ತೀನಿ ಕಸ್ತೂರಿ. ಕಾಲು ಹೋಗೋಕೆ ಮುಂಚೆ ನಿಮಗೆ ಹೀಗೆ ಮೊದಲೇ ಗೊತ್ತಾಗ್ತಿತ್ತಾ?”

ಕಸ್ತೂರಿ ಕೊಲ್ಹಾಪುರದ ಪಂದ್ಯಕ್ಕಿಂತ ಹಿಂದಿನ ದಿನಗಳನ್ನು ನೆನೆದಳು. ಆಗ ಅವಳೂ ಬಿಟ್ಟ ಕರುವಿನಂತೆ ಓಡುತ್ತಿದ್ದಳು, ಶಾಹೀನಳ ಹಾಗೆಯೇ ಕತ್ತು ತಿರುಗಿಸುತ್ತಿದ್ದಳು. ಮೊಣಕಾಲು ಹೋದ ಮೇಲೆ ಎಡಗಾಲನ್ನು ಒತ್ತಿ ಚಿಮ್ಮಲು ಆಗದೆ, ಉಳಿದವರಿಗಿಂತ ಮೊದಲು ಹೊರಡಬೇಕಾಯಿತು. ಮೊದಲು ಹೊರಡಬೇಕೆಂದರೆ ಮೊದಲು ತಿಳಿಯಬೇಕು. ನೋವಿಗೆ ಹೆದರಿ ಹೆದರಿ ಮೈ ತಾನೇ ಚೆಂಡಿನ ದಾರಿ ಊಹಿಸಲು ಕಲಿತಿತ್ತು. ಊರು ಹೊಗಳಿದ ಅವಳ ಆಟವೆಲ್ಲ ಆ ಹಾಳಾದ ಕಾಲು ಹೆತ್ತದ್ದು.

ಸವೆದ ಗೇರನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದರೆ ಹೊಸ ಗೇರು ಸವೆದೇ ಹುಟ್ಟುತ್ತದೆ. ಇದು ಆ ಊರಿನಲ್ಲಿ ಮಣ್ಣಿನಲ್ಲಿ ಆಡುವ ಮಕ್ಕಳಿಗೂ ಗೊತ್ತು. ಕ್ಲಬ್ಬಿನ ಮಾಲೀಕನಿಗೆ ಗೊತ್ತು, ಪರೇರಾನಿಗೆ ಗೊತ್ತು, ಮೈಸೂರಿನ ಈ ಹೆಂಗಸೂ ಈ ಕೋಣೆಯಲ್ಲಿ ಕೂತು ಕಲಿತಿರಬೇಕು. ಗೊತ್ತಿದ್ದೂ ಎಲ್ಲರೂ ಸೇರಿ ಅದನ್ನೇ ಮಾಡಿದ್ದರು. ಕಬ್ಬಿಣದಲ್ಲಿ ಮಾಡದ ತಪ್ಪನ್ನು ಮೈಯಲ್ಲಿ ಮಾಡಬಹುದು ಎಂದುಕೊಂಡಿದ್ದರೇನೋ.

“ಅವಳ ತೊಡೆ ತಡಕೊಳ್ತೈತಿ?” ಎಂದು ಕೇಳಿದಳು ಕಸ್ತೂರಿ.

“ಇಲ್ಲ. ಯಾವಾಗ ಅಂತ ನಾನು ಹೇಳಲಾರೆ. ಆದರೆ ಈ ಸಲ ಹರಿದರೆ ಹೊಲಿಯೋಕೆ ಏನೂ ಉಳಿಯಲ್ಲ.” ಇರಾವತಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. “ಅಪಾಯ ಇದೆ ಅಂತ ಹೇಳಿದೀವಿ. ಹೂಂ ಅಂದು ಹೆಬ್ಬೆಟ್ಟು ಒತ್ತಿದಳು. ಯಾರು ಒತ್ತಲ್ಲ ಹೇಳಿ?”

ಪರೇರಾನನ್ನು ಹುಡುಕಿಕೊಂಡು ಹೋದರೆ ಅವನು ಕ್ಯಾಂಟೀನಿನಲ್ಲಿ ಪಾವು ಅದ್ದಿಕೊಂಡು ಚಹಾ ಕುಡಿಯುತ್ತಿದ್ದ. ಊರಿನ ದಂಡುಪ್ರದೇಶವಾದ ಕ್ಯಾಂಪಿನ ಮನುಷ್ಯ, ಕಸ್ತೂರಿಯನ್ನು ಶಾಲೆಯ ಗ್ರೌಂಡಿನಿಂದ ಎತ್ತಿ ತಂದವನು. ಲ್ಯಾಬಿನ ವರದಿಯನ್ನು ಅವನೂ ಓದಿದ್ದ. ಆಡುವವರೆಲ್ಲ ಒಂದು ದಿನ ಮುರಿಯುತ್ತಾರೆ, ಮುರಿಯುವ ಮೊದಲು ಎಷ್ಟು ಆಡಿದರು ಎಂಬುದಷ್ಟೇ ಲೆಕ್ಕ ಎಂದ. ಮಾಲೀಕರಿಗೆ ಈ ಸೀಸನ್ ಶಾಹೀನಳೇ ಬೇಕು, ಆಫೀಸಿನ ಬೋರ್ಡಿನ ಮೇಲಿನ ತಂಡದ ಪಟ್ಟಿಗೆ ಅವಳ ಹೆಸರು ಆಗಲೇ ಏರಿದೆ. ಆಮೇಲೆ ದನಿ ತಗ್ಗಿಸಿದ.

“ಆಕಿ ತಾನಾಗಿ ಬ್ಯಾಡ ಅಂದ್ರ ಮಾತು ಬ್ಯಾರೆ. ಆಗ ಇಸಕೊಳ್ಳಾಕ ನಿನ್ನ ಬಿಟ್ಟರ ಯಾರದಾರ? ಇನ್ನೊಂದು ಸೀಸನ್ ನಿಂದ. ನಾ ಏನೂ ಹೇಳಿಲ್ಲ ನೋಡು ಮತ್ತ.”

ಕಸ್ತೂರಿ ಮೈದಾನದ ಅಂಚಿನಲ್ಲೇ ಮನೆಯತ್ತ ನಡೆದಳು. ಇನ್ನೊಂದು ಸೀಸನ್. ಅದು ಬೇಡವೆಂದು ಅವಳು ಯಾರಿಗೆ ಹೇಳಿದರೂ ಸುಳ್ಳಾಗುತ್ತಿತ್ತು. ಸಂಜೆಯ ಬಿಸಿಲಿನಲ್ಲಿ ಗ್ಯಾಲರಿ ‘ಇಸಕೊಳ್ಳಾಕಿ’ ಎಂದು ಕೂಗುವುದು, ಪಂದ್ಯ ಮುಗಿದ ಮೇಲೆ ಕಾಲನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿಟ್ಟು ಏನನ್ನೂ ಯೋಚಿಸದೆ ಕೂರುವುದು, ಇವನ್ನು ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಶಾಹೀನಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದರೆ ಹುಡುಗಿಯ ಕಾಲು ಉಳಿಯುತ್ತದೆ, ತನ್ನ ಜಾಗವೂ ಉಳಿಯುತ್ತದೆ. ಇಷ್ಟು ಸಲೀಸಾಗಿ ಒಳ್ಳೆಯವಳಾಗುವುದು ಅವಳಿಗೇ ಹೇಸಿಗೆಯೆನಿಸಿತು. ಹೇಳದೆ ಇದ್ದರೂ ಅಷ್ಟೇ. ಸೀಸನ್ನಿನ ನಡುವೆ ಹುಡುಗಿ ಮುರಿದು ಬಿದ್ದಾಗ ಅದೇ ಜಾಗ ಮತ್ತೆ ಅವಳನ್ನೇ ಕರೆಯುತ್ತದೆ. ಯಾವ ಕಡೆ ಹೊರಳಿದರೂ ಲಾಭವೇ ಕಾಲಿಗೆ ತೊಡರುತ್ತಿತ್ತು.

ಬಲೆಯಂಗಿಗಳನ್ನು ಯಂತ್ರಕ್ಕೆ ಹಾಕುವಂತಿರಲಿಲ್ಲ. ಸೋಪಿನ ಪುಡಿಗೆ ಒಳಗಿನ ತಂತಿ ಕೆಡುತ್ತದೆಂದು ಅಂಟುವಾಳದ ನೀರಿನಲ್ಲಿ ನೆನೆಸಿ ಕೈಯಲ್ಲೇ ಹಿಂಡಬೇಕು. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಇಬ್ಬರೂ ಒಂದೊಂದು ಅಂಗಿ ಹಿಡಿದು ಕೂತಾಗ ಕಸ್ತೂರಿ ಹೇಳಿದಳು. ಕೂರುವ ರೀತಿ, ಏಳುವ ರೀತಿ, ಮೆಟ್ಟಿಲು, ಭಾರ, ತೊಡೆ, ಇರಾವತಿಯ ಮಾತು, ಒಂದನ್ನೂ ಬಿಡಲಿಲ್ಲ. ಪರೇರಾ ಹೇಳಿದ್ದನ್ನೂ ಹೇಳಿದಳು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳುವುದು ಅವಳಿಂದಾಗಲಿಲ್ಲ.

ಶಾಹೀನ ಅಂಗಿಯನ್ನು ಹಿಂಡುತ್ತಲೇ ಇದ್ದಳು. ನೀರೆಲ್ಲ ಹೋದ ಮೇಲೂ ಹಿಂಡಿದಳು.

“ಅಂದ್ರ ನಾ ಬ್ಯಾಡ ಅಂದ್ರ ನೀ ಆಡ್ತಿ.”

“ಹೌದು.”

“ಚಲೋ ಆತಲ್ಲಕ್ಕಾ. ನನ್ನ ಕಾಲಿನ ಚಿಂತಿ ನಿನಗ ಯಾವಾಗಿಂದ ಹತ್ತೇತಿ? ಬೋರ್ಡಿನ ಮ್ಯಾಲ ನನ್ನ ಹೆಸರು ಬಂದ ಮ್ಯಾಲೋ, ಮೊದಲೋ?”

ಕಸ್ತೂರಿ ಸಿಟ್ಟಾಗಲಿಲ್ಲ. ತಾನು ಆ ಜಾಗದಲ್ಲಿದ್ದಿದ್ದರೆ ಇದಕ್ಕಿಂತ ಕೆಟ್ಟದಾಗಿ ಕೇಳುತ್ತಿದ್ದೆ ಎಂದುಕೊಂಡಳು. ಮೊದಲು ನೋಡಿದ್ದು ನಿನ್ನೆ, ಊಟಕ್ಕೆ ಕೂತಾಗ ಎಂದಳು. ಶಾಹೀನ ನಕ್ಕು, ಅಂಗಿಯನ್ನು ಹಗ್ಗಕ್ಕೆ ಹಾಕಿ, ಬಲಗಾಲೂರಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಆಮೇಲೆ ಎರಡು ದಿನ ಮನೆಯಲ್ಲಿ ನೀಲವ್ವನ ದನಿ ಬಿಟ್ಟರೆ ಬೇರೆ ದನಿ ಕೇಳಲಿಲ್ಲ. ಹುಡುಗಿ ಐದನೆಯ ರೊಟ್ಟಿ ಕೇಳುವುದನ್ನು ಬಿಟ್ಟಳು.

ಮೂರನೆಯ ದಿನ ಕಸ್ತೂರಿ ಅಭ್ಯಾಸಕ್ಕೆ ಹೋಗದೆ ನೆಟ್ಟಗೆ ಕ್ಲಬ್ಬಿನ ಆಫೀಸಿಗೆ ಹೋಗಿ, ಇನ್ನು ತಾನು ಆಡುವುದಿಲ್ಲವೆಂದು ಹೇಳಿ ಬಂದಳು. ಶಾಹೀನ ಅಚ್ಚು ಬಿಟ್ಟರೂ ತಾನು ಆಡುವುದಿಲ್ಲ, ಅವಳು ಮುರಿದು ಬಿದ್ದರೂ ಆಡುವುದಿಲ್ಲ. ಒಂದು ವಾರ ತಡೆದು ಯೋಚಿಸು ಎಂದ ಪರೇರಾ. ಅವಳು ಬೇಡವೆಂದು ತಲೆಯಾಡಿಸಿದ್ದನ್ನು ಕಂಡು ಎದ್ದು ಹೋಗಿ ಬೋರ್ಡಿನ ಮೇಲಿದ್ದ ಅವಳ ಹೆಸರನ್ನು ಅಂಗೈಯಿಂದಲೇ ಒರೆಸಿದ. ಅಷ್ಟು ವರ್ಷದ ಹೆಸರು ಇಷ್ಟು ಬೇಗ ಹೋಗುತ್ತದೆಂದು ಇಬ್ಬರೂ ಅಂದುಕೊಂಡಿರಲಿಲ್ಲ. ಅಂಗೈಗೆ ಮೆತ್ತಿದ ಬಣ್ಣವನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಅವನು ಅದನ್ನು ಹಾಗೇ ಹಿಡಿದು ನಿಂತಿದ್ದ.

ಸಿದ್ರಾಯ ಸುದ್ದಿ ಕೇಳಿ ಗೋಡೆಯ ಕಡೆಯಿಂದ ಈಚೆ ಹೊರಳಿ, ಕಾಲು ನೋಯುತ್ತಿದೆಯೇ ಎಂದ. ಇಲ್ಲವೆಂದಳು. ಅವನು ಎದ್ದು ಚಹಾ ಮಾಡಿದ. ಅವನು ಚಹಾ ಮಾಡಿದ್ದು ನೆನಪಿಲ್ಲದಷ್ಟು ದಿನವಾಗಿತ್ತು, ಸಕ್ಕರೆ ಎಲ್ಲಿದೆ ಎಂದು ಅವ್ವನನ್ನೇ ಕೇಳಬೇಕಾಯಿತು. ನೀಲವ್ವ ಮಾತ್ರ ಬಾಯಿ ಮುಚ್ಚಲಿಲ್ಲ.

“ಒಂದು ಹುಡುಗಿಗಿ ಬುದ್ಧಿ ಹೇಳಾಕ ಯಾರಾರ ಉಣ್ಣೂ ಗಂಗಾಳ ಬಿಟ್ಟು ಏಳ್ತಾರೇನ? ನನಗ ಹೇಳಿದ್ದರ ಎರಡು ಬೈದು ನಾನ ಹೇಳ್ತಿದ್ದೆ.”

ಆ ಮಧ್ಯಾಹ್ನ ಶಾಹೀನ ಅಭ್ಯಾಸದಿಂದ ಬಂದಾಗ ಕಸ್ತೂರಿ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ನಿಂತಿದ್ದಳು. ಫೌಂಡ್ರಿಯ ಸುಟ್ಟ ಮರಳನ್ನು ತಂದು ಸುರಿದು ಸಪಾಟು ಮಾಡಿದ ಕಪ್ಪು ನೆಲ. ಹಗ್ಗಗಳ ಮೇಲೆ ಯಾರ ಯಾರದೋ ಸೀರೆ, ಪಾಳಿಯ ಅಂಗಿಗಳು ಒಣಗುತ್ತಿದ್ದವು. ಎಷ್ಟೋ ದಿನದ ಮೇಲೆ ಕಸ್ತೂರಿಯ ಮೈಮೇಲೆ ಬಲೆಯಂಗಿ ಇರಲಿಲ್ಲ, ಗಾಳಿ ನೇರವಾಗಿ ತೊಗಲಿಗೆ ತಾಗುತ್ತಿತ್ತು. ಕಾಲ ಹತ್ತಿರ ಒಂದು ಚೆಂಡಿತ್ತು.

ಶಾಹೀನ ಬಂದು ಎದುರಿಗೆ ನಿಂತಳು. ಬೋರ್ಡನ್ನು ನೋಡಿದೆ ಎಂದಳು. ಅವತ್ತು ನಲ್ಲಿಯ ಹತ್ತಿರ ತಾನು ಆಡಿದ ಮಾತನ್ನು ಮರೆತುಬಿಡಬೇಕೆಂದಳು. ದನಿಯಲ್ಲಿ ಚುಚ್ಚು ಇರಲಿಲ್ಲ.

“ಈಗ ನಂಬ್ತೀ?” ಎಂದು ಕೇಳಿದಳು ಕಸ್ತೂರಿ.

“ನಂಬ್ತೀನಿ. ಅವತ್ತೂ ನಂಬಿದ್ದೆ. ಖರೆ ಐತಂತ ಗೊತ್ತಿತ್ತು, ಅದಕ್ಕ ಸಿಟ್ಟು ಬಂತು.” ಶಾಹೀನ ಬಲತೊಡೆಯ ಹಿಂದೆ ಕೈಯಿಟ್ಟು ಒತ್ತಿದಳು. “ಮುಂಜಾನಿ ಎದ್ದ ಕೂಡ್ಲೆ ಇಲ್ಲಿ ಎಳೀತೈತಿ.”

ಕಸ್ತೂರಿ ಆಫೀಸಿನಿಂದ ಬರುವ ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತನ್ನು ಹೊರತೆಗೆದಳು. ಅಚ್ಚು ಬಿಟ್ಟುಬಿಡು. ಇದೇ ಬಯಲಿನಲ್ಲಿ ನಾನು ಕಲಿಸುತ್ತೇನೆ. ನನ್ನ ಮೈಯ ಹಾಗಲ್ಲ, ನಿನ್ನ ಮೈಗೆ ಒಪ್ಪುವ ಹಾಗೆ. ಎರಡು ಕಾಲೂ ನೆಟ್ಟಗಿರುವವಳು ಚೆಂಡನ್ನು ಹೇಗೆ ಊಹಿಸಬೇಕೆಂದು ನನಗೂ ಗೊತ್ತಿಲ್ಲ, ಕೂಡಿಯೇ ಕಲಿಯೋಣ. ಇರುವುದು, ಉಣ್ಣುವುದು ಇಲ್ಲೇ. ಎರಡು ವರ್ಷ ಹಿಡಿಯಬಹುದು. ಆಗ ನಿನಗೆ ಇಪ್ಪತ್ತೆರಡು, ಆಮೇಲೆ ಹತ್ತು ವರ್ಷ ಆಡಬಹುದು. ಹೇಳುತ್ತ ಹೇಳುತ್ತ ಅವಳಿಗೇ ಅದರ ಆಸೆ ಹುಟ್ಟಿತು. ಎಷ್ಟೋ ದಿನದ ಮೇಲೆ ನಾಳೆಯ ಬೆಳಗಿನ ಬಗ್ಗೆ ಅವಳು ಮಾತಾಡುತ್ತಿದ್ದಳು. ಚೆಂಡನ್ನು ಬಲಪಾದದಿಂದ ಹುಡುಗಿಯ ಕಡೆ ಮೆಲ್ಲಗೆ ಉರುಳಿಸಿದಳು.

ಶಾಹೀನ ಚೆಂಡನ್ನು ನಿಲ್ಲಿಸಿದಳು. ಅದನ್ನು ನೋಡಲೂ ಇಲ್ಲ, ಅದು ಎಲ್ಲಿ ಬರುತ್ತದೆಂದು ಅವಳ ಪಾದಕ್ಕೆ ಗೊತ್ತಿತ್ತು.

“ಹುಟ್ಟಿದಾಗಿಂದ ಚೆಂಡು ನನ್ನ ತಲಿ ಮ್ಯಾಲಿಂದ ಹೋಗ್ತಿತ್ತಕ್ಕಾ. ಮೂರು ಊರಾಗ ನಕ್ಕಾರ. ಈಗ ಅದು ಹೊರಡೂಕಿಂತ ಮೊದಲ ನನಗ ಕೇಳಸ್ತೈತಿ. ಇದನ್ನ ಬಿಟ್ಟು ಎರಡು ವರ್ಷ ಮತ್ತ ಕುರುಡಿ ಆಗಿ ಓಡಲೇನು?”

“ಕಾಲು ಹೋಗ್ತೈತಿ ತಂಗಿ.”

“ನಿಂದು ಹೋಗಿತ್ತಲ್ಲ. ಹೋದ ಮ್ಯಾಲ ಇಸಕೊಳ್ಳಾಕಿ ಆದಿ.”

ನನ್ನದು ಮೊಣಕಾಲು, ಅದು ಅರ್ಧ ಉಳಿದಿತ್ತು, ನಿನ್ನದು ಪೂರ್ತಿ ಹೋಗುತ್ತದೆ ಎಂದು ಕಸ್ತೂರಿ ಇರಾವತಿಯ ಮಾತನ್ನೇ ಮತ್ತೆ ಹೇಳಬಹುದಿತ್ತು. ಹುಡುಗಿ ಅದನ್ನೂ ಕೇಳಿಯಾಗಿತ್ತು.

“ಒಂದು ವರ್ಷ ನೋಡು,” ಎಂದಳು ಕೊನೆಗೆ. “ಒಂದ ವರ್ಷ ನನ್ನ ಕೂಡ ಆಡು. ಆಮ್ಯಾಲ ಬ್ಯಾಡ ಅನ್ಸಿದ್ರ ಬಲೆಯಂಗಿ ಎಲ್ಲಿ ಓಡಿ ಹೋಗ್ತೈತಿ?”

ಶಾಹೀನ ಬಗ್ಗಿ ಚೆಂಡನ್ನು ಕೈಗೆತ್ತಿಕೊಂಡು, ಅಂಟಿದ್ದ ಕಪ್ಪು ಮರಳನ್ನು ಒರೆಸಿ, ಎರಡೂ ಕೈಯಿಂದ ಕಸ್ತೂರಿಗೆ ತಿರುಗಿ ಕೊಟ್ಟಳು.

“ಒಲ್ಲೆನಕ್ಕಾ,” ಎಂದಳು.